ಇಮ್ಯಾಕ್ಸ್ ಒಳಗೆ ಶೆಲ್ ಬ್ಲಾಕ್ ನಿಜವಾಗ್ಲೂ ಅಸಿಂಕ್ ಆಗಿ ಓಡ್ತಾ ಇದ್ಯಾ, ಚೆಕ್ ಮಾಡೋದು ಹೀಗೆ

ಶಿರಸಿ, ಸಿದ್ದಾಪುರ ಬದಿ ಮನೇಲೇ ಕೂತು ಕೆಲಸ ಮಾಡೋರಿಗೆ ಹೇಳೋದೇ ಬೇಡ, ಮಳೆ ಹಿಡೀತು ಅಂದ್ರೆ ನೆಟ್ ಕುಂಟೋಕೆ ಶುರು, ಆಗ ಆರ್ಗ್ ಫೈಲ್ (ಇಮ್ಯಾಕ್ಸ್ ಎಡಿಟರಿನ ನೋಟ್ಸ್ ಫೈಲು, ಅದ್ರೊಳಗೆ ಶೆಲ್ ಕಮಾಂಡಿನ ಬ್ಲಾಕ್ ಇಟ್ಟು ಅಲ್ಲಿಂದ್ಲೇ ಓಡಿಸಬಹುದು) ಒಳಗಿಂದ ಆರ್‌ಸಿಂಕ್ (ಫೈಲ್ ಕಾಪಿ ಮಾಡೋ ಕಮಾಂಡು) ಓಡಿಸಿದ್ರೆ ಅದು ಮುಗಿಯೋ ತನಕ ಇಡೀ ಇಮ್ಯಾಕ್ಸ್ ಗಪ್‌ಚುಪ್, ಒಂದಕ್ಷರ ಟೈಪ್ ಮಾಡೋಕೂ ಆಗಲ್ಲ. ಇದಕ್ಕೇ ಇರೋದು ಓಬಿ-ಅಸಿಂಕ್ ಪ್ಯಾಕೇಜು, ಬ್ಲಾಕನ್ನ ಅಸಿಂಕ್ ಆಗಿ, ಅಂದ್ರೆ ನಮ್ಮನ್ನ ಕಾಯಿಸದೆ ಹಿಂದ್ಗಡೆ ಓಡಿಸತ್ತೆ. ಮೆಲ್ಪಾದಿಂದ (ಇಮ್ಯಾಕ್ಸ್ ಪ್ಯಾಕೇಜುಗಳ ಭಂಡಾರ) ಇನ್‌ಸ್ಟಾಲ್ ಮಾಡ್ಕೊಂಡು, ಅದನ್ನ ಲೋಡ್ ಮಾಡಿ, ಬ್ಲಾಕಿನ ಹೆಡರ್ ಲೈನಲ್ಲಿ ಕೋಲನ್ ಹಾಕಿ ಅಸಿಂಕ್ ಅಂತ ಬರೀರಿ. ಬರೆದ್ರಿ ಅಂತ ನಂಬ್ಕೊಂಡು ಕೂರಬೇಡಿ ಮಾರಾಯ್ರೆ, ಟೆಸ್ಟ್ ಮಾಡಿ.

ಬ್ಲಾಕ್ ಒಳಗೆ ಸ್ಲೀಪ್ 10 (10 ಸೆಕೆಂಡ್ ಸುಮ್ನಿರು ಅಂತ), ಕೆಳಗಿನ ಲೈನಲ್ಲಿ ಡೇಟ್. ಕಂಟ್ರೋಲ್-ಸಿ ಎರಡು ಸಲ ಒತ್ತಿ ತಕ್ಷಣ ಬೇರೆ ಕಡೆ ಟೈಪ್ ಮಾಡೋಕೆ ಶುರು ಮಾಡಿ. ರಿಸಲ್ಟ್ಸ್ ಕೆಳಗೆ ಮೊದ್ಲು ಅರ್ಥ ಇಲ್ಲದ ಅಕ್ಷರ-ಅಂಕಿಗಳ ಉದ್ದ ಸಾಲು ಬರತ್ತೆ, ಕುಮಟಾ ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ ಅದು, ಕೆಲಸ ಮುಗಿದ್ಮೇಲೆ ಅದೇ ಜಾಗಕ್ಕೆ ತಾರೀಕು ಬಂದು ಕೂರತ್ತೆ. ಓಡ್ತಾ ಇರೋವಾಗ ಮೇಲೆ ನಾಲ್ಕು ಲೈನ್ ಸೇರಿಸಿ ನೋಡಿ, ರಿಸಲ್ಟ್ ಸರಿಯಾದ ಜಾಗಕ್ಕೇ ಬರಬೇಕು. ಆ ಸಾಲನ್ನ ಮಾತ್ರ ಅಳಿಸಬೇಡಿ, ಅದನ್ನ ಹುಡುಕ್ಕೊಂಡೇ ರಿಸಲ್ಟ್ ಬರೋದು.

ಆಮೇಲೆ ಎರಡು ಬ್ಲಾಕ್ ಮಾಡಿ, ಒಂದ್ರಲ್ಲಿ ಸ್ಲೀಪ್ 8, ಇನ್ನೊಂದ್ರಲ್ಲಿ 3, ಇದೇ ಕ್ರಮದಲ್ಲಿ ಬೇಗ ಬೇಗ ಓಡಿಸಿ. 3ರದ್ದು ಮೊದ್ಲು ಬರಬೇಕು. ಹೊಸ ಆರ್ಗ್‌ನಲ್ಲಿ ಸೆಶನ್ ಜೊತೆಗೆ ಅಸಿಂಕ್ ಬಳಸೋರಿಗೆ ಹೀಗೆ ಆಗಲ್ಲ, ಅಲ್ಲಿ ಇರೋದು ಒಂದೇ ಶೆಲ್, ಒಂದು ಮುಗಿದ್ಮೇಲೇ ಇನ್ನೊಂದು.

ಜನ ಜಾಸ್ತಿ ಒದ್ದಾಡೋದು ಇಲ್ಲಿ: ಅಸಿಂಕ್ ತೆಗೆದ್ರೆ ಬ್ಲಾಕ್ ಓಡತ್ತೆ, ಹಾಕಿದ್ರೆ ಎರರ್. ಯಾಕಂದ್ರೆ ಓಬಿ-ಅಸಿಂಕ್ ಹಿಂದ್ಗಡೆ ಬೇರೆ ಹೊಸ ಇಮ್ಯಾಕ್ಸ್ ಎಬ್ಬಿಸತ್ತೆ, ಅದು ನಿಮ್ಮ ಇನಿಟ್ ಫೈಲ್ (ಇಮ್ಯಾಕ್ಸ್ ಶುರುವಾಗೋವಾಗ ಓದೋ ನಿಮ್ಮ ಸೆಟ್ಟಿಂಗ್ಸ್) ಓದಲ್ಲ, ನೀವು ಅದ್ರಲ್ಲಿ ಸೆಟ್ ಮಾಡಿದ ವೇರಿಯೇಬಲ್‌ಗಳಲ್ಲಿ ಹೆಚ್ಚಿನವು ಅದಕ್ಕೆ ಗೊತ್ತಿರಲ್ಲ. ಬೇಕಾದ್ದನ್ನ ಓಬಿ-ಅಸಿಂಕ್-ಪ್ರೀ-ಎಕ್ಸಿಕ್ಯೂಟ್-ಎಸ್‌ಆರ್‌ಸಿ-ಬ್ಲಾಕ್-ಹುಕ್‌ಗೆ ಸೇರಿಸಿ, ಬ್ಲಾಕ್‌ಗಿಂತ ಮೊದ್ಲು ಆ ಹೊಸ ಇಮ್ಯಾಕ್ಸಲ್ಲಿ ಅದು ಓಡತ್ತೆ.

ನೀವೇ ಮೇಕ್-ಪ್ರೊಸೆಸ್ (ಬೇರೆ ಪ್ರೋಗ್ರಾಂ ಹಿಂದ್ಗಡೆ ಓಡಿಸೋ ಫಂಕ್ಷನ್) ಹಾಕಿ ಲಿಸ್ಪ್ (ಇಮ್ಯಾಕ್ಸಿನ ಕೋಡ್ ಭಾಷೆ) ಬರೀತಿದ್ರೆ ಇಆರ್‌ಟಿ (ಇಮ್ಯಾಕ್ಸ್ ಜೊತೆಗೇ ಬರೋ ಟೆಸ್ಟ್ ಸಾಧನ) ಟೆಸ್ಟ್ ಬೇಕೇ ಬೇಕು. ಅದ್ರಲ್ಲಿ ಸುಮ್ನೆ 5 ಸೆಕೆಂಡ್ ಕಾಯೋ ಹಾಗೆ ಬರೀಬೇಡಿ, ಸ್ಲೋ ಲ್ಯಾಪ್‌ಟಾಪಲ್ಲಿ ಫೇಲ್ ಆಗತ್ತೆ, ಫಾಸ್ಟ್ ಇದ್ರೆ ಟೈಮ್ ದಂಡ. ಪ್ರೊಸೆಸ್-ಲೈವ್-ಪಿ ನಿಜ ಇರೋ ತನಕ, ಅಂದ್ರೆ ಪ್ರೊಸೆಸ್ ಇನ್ನೂ ಓಡ್ತಾ ಇರೋ ತನಕ ಲೂಪ್ ಹಾಕಿ, ಒಳಗೆ ಆಕ್ಸೆಪ್ಟ್-ಪ್ರೊಸೆಸ್-ಔಟ್‌ಪುಟ್‌ಗೆ 0.1 ಸೆಕೆಂಡ್ ಕೊಡಿ, ಜೊತೆಗೆ ಇಷ್ಟು ಹೊತ್ತಾದ್ಮೇಲೆ ಸಾಕು ಅಂತ ಒಂದು ಮಿತಿ ಇಡಿ, ಇಲ್ದಿದ್ರೆ ಪ್ರೊಸೆಸ್ ನೇತಾಡಿದ್ರೆ ಟೆಸ್ಟೂ ನೇತಾಡತ್ತೆ. ಕೊನೆಗೆ ಬೇಕಂತಲೇ ಎಗ್ಸಿಟ್ 3 (ಫೇಲ್ ಆಯ್ತು ಅಂತ ಹೇಳೋ ಕೋಡು) ಕೊಟ್ಟು ಓಡಿಸಿ, ಪ್ರೊಸೆಸ್-ಎಗ್ಸಿಟ್-ಸ್ಟೇಟಸ್ 3 ಅಂತಲೇ ಕೊಡತ್ತಾ ನೋಡಿ.