ಫ್ಲೂ ಬರುವ ಮುಂಚೆಯೇ ಕೆಲಸ ಮಾಡಿದ ಲಸಿಕೆ

ಸಾವಿರಾರು ಜನರ ಆರೋಗ್ಯ ದಾಖಲೆ ಇಟ್ಟುಕೊಂಡು, ಯಾವ ಔಷಧಿಯಿಂದ ಯಾರಿಗೆ ಏನಾಯಿತು ಅಂತ ಲೆಕ್ಕ ಹಾಕುವ ಕೆಲಸ ನನ್ನದು. ಎಪಿಡೆಮಿಯಾಲಜಿ ಅನ್ನುತ್ತಾರೆ. ರೋಗಿಯ ಮುಖ ನೋಡುವುದೇ ಅಪರೂಪ. ನನಗೆ ಕಾಣುವುದು ಬರೀ ಸಾಲುಗಳು: ವಯಸ್ಸು, ಸಕ್ಕರೆ ಕಾಯಿಲೆ ಇದೆಯಾ, ಲಸಿಕೆ ಹಾಕಿಸಿದ ತಾರೀಖು, ತೀರಿಹೋಗಿದ್ದರೆ ಆ ತಾರೀಖು.

ಸೇರಿದ ಹೊಸದರಲ್ಲಿ ಕೈಗೆ ಬಂದ ಪ್ರಶ್ನೆ ತೀರಾ ಸುಲಭ ಅನ್ನಿಸಿತ್ತು. 65 ದಾಟಿದವರಲ್ಲಿ ಫ್ಲೂ ಲಸಿಕೆ ಸಾವನ್ನು ಎಷ್ಟು ಕಡಿಮೆ ಮಾಡುತ್ತದೆ? ಹಾಕಿಸಿಕೊಂಡವರನ್ನು ಒಂದು ಕಡೆ, ಹಾಕಿಸಿಕೊಳ್ಳದವರನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದೆ. ವಯಸ್ಸು, ಇರುವ ಕಾಯಿಲೆಗಳು ಎಲ್ಲವನ್ನೂ ಸರಿದೂಗಿಸಿದೆ. ಲಸಿಕೆ ಪಡೆದವರಲ್ಲಿ ಸಾವು ಹೆಚ್ಚುಕಮ್ಮಿ ಅರ್ಧ! ಹಿಗ್ಗಿ ಹೀರೇಕಾಯಿಯಾಗಿ ಪ್ರಿಂಟ್ ತೆಗೆದುಕೊಂಡು ನಮ್ಮ ಮೇಡಂ ಹತ್ತಿರ ಓಡಿದೆ.

ಅವರು ಗ್ರಾಫ್ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಚಳಿಗಾಲದಲ್ಲಿ ಸಾಯೋ ವಯಸ್ಸಾದವರಲ್ಲಿ ಫ್ಲೂನಿಂದ ಸಾಯೋರು ಎಷ್ಟು ಜನ?" ಅಂದರು.

ನನಗೆ ಗೊತ್ತಿರಲಿಲ್ಲ. ಹುಡುಕಿದೆ. ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಲೋನ್ ಸಿಮನ್‌ಸನ್ ಮತ್ತು ಜೊತೆಗಾರರು 2005ರಲ್ಲಿ ಬರೆದ ಪ್ರಬಂಧ ಸಿಕ್ಕಿತು. ಯಾವ ವರ್ಷವೂ ಚಳಿಗಾಲದ ಸಾವುಗಳಲ್ಲಿ ಫ್ಲೂ ಪಾಲು ಶೇ 10 ಕೂಡ ಮುಟ್ಟಿರಲಿಲ್ಲ. ಹಾಗಿದ್ದಮೇಲೆ ಫ್ಲೂ ಒಂದನ್ನೇ ತಡೆಯುವ ಲಸಿಕೆ ಒಟ್ಟು ಸಾವನ್ನು ಅರ್ಧಕ್ಕೆ ಇಳಿಸುವುದು ಹೇಗೆ? ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ ಅನ್ನೋದು ಇವತ್ತಿಗೂ ನಾಚಿಕೆ.

"ಫ್ಲೂ ಶುರುವಾಗೋಕೆ ಮುಂಚಿನ ವಾರಗಳನ್ನ ಬೇರೆ ಮಾಡಿ ನೋಡು" ಅಂದರು ಮೇಡಂ.

ಕೋಡ್‌ನಲ್ಲಿ ನಾಲ್ಕು ಸಾಲು ಬದಲಾಯಿಸಿದರೆ ಆಯಿತು. ಸೀಸನ್‌ಗೆ ಮುಂಚೆ, ಸೀಸನ್‌ನಲ್ಲಿ, ಸೀಸನ್ ಮುಗಿದ ಮೇಲೆ ಅಂತ ಮೂರು ತುಂಡು ಮಾಡಿ ಓಡಿಸಿದೆ. ಲಸಿಕೆಯ 'ಲಾಭ' ಎಲ್ಲಕ್ಕಿಂತ ಜಾಸ್ತಿ ಕಂಡಿದ್ದು ಮೊದಲ ತುಂಡಿನಲ್ಲಿ. ವೈರಸ್ ಇನ್ನೂ ಸುಳಿದೇ ಇಲ್ಲ, ಲಸಿಕೆ ಆಗಲೇ ಜೀವ ಉಳಿಸುತ್ತಿದೆ! ಎರಡು ಸಲ ಕೋಡ್ ತಿರುಗಿಸಿ ನೋಡಿದೆ. ತಪ್ಪು ಕೋಡ್‌ನಲ್ಲಿ ಇರಲಿಲ್ಲ.

ನನ್ನ ಹಾಗೆ ಪೆಚ್ಚಾದವರು ಮೊದಲೂ ಇದ್ದರು ಅಂತ ಆಮೇಲೆ ತಿಳಿಯಿತು. ಲೀಸಾ ಜಾಕ್ಸನ್ ತಂಡ 72,527 ಹಿರಿಯರ ದಾಖಲೆಗಳ ಮೇಲೆ ಇದನ್ನೇ ಮಾಡಿ 2006ರಲ್ಲಿ ಪ್ರಕಟಿಸಿತ್ತು. ಲಸಿಕೆ ಪಡೆಯದವರ ಸಾವಿನ ಅಪಾಯ 1 ಅಂತಿಟ್ಟುಕೊಂಡರೆ, ಪಡೆದವರದ್ದು ಸೀಸನ್‌ಗೆ ಮುಂಚೆ 0.39, ಸೀಸನ್‌ನಲ್ಲಿ 0.56, ಆಮೇಲೆ 0.74. ತಲೆಕೆಳಗಾದ ಚಿತ್ರ ಅಲ್ವಾ? ದಾಖಲೆಯಲ್ಲಿರುವ ಕಾಯಿಲೆಗಳ ಗುರುತು (ಅದಕ್ಕೂ ಕೋಡ್ ಅನ್ನುತ್ತಾರೆ) ಬಳಸಿ ಸರಿದೂಗಿಸಲು ಹೋದರೆ ಅಂಕಿಗಳು ಇನ್ನಷ್ಟು ಕೆಟ್ಟವು.

ಕಾರಣ ಸರಳ. ಲಸಿಕೆಗೆ ಎದ್ದು ಬರುವವರು ಎದ್ದು ಓಡಾಡಲು ಆಗುವವರು. ಹಾಸಿಗೆ ಹಿಡಿದು ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿರುವವರನ್ನು ಸೂಜಿ ಹಾಕಿಸಲು ಯಾರೂ ಕರೆದುಕೊಂಡು ಹೋಗುವುದಿಲ್ಲ. ಅವರ ಸಾವು 'ಲಸಿಕೆ ಪಡೆಯದವರ' ಖಾತೆಗೆ ಬೀಳುತ್ತದೆ. ಈ ನಿತ್ರಾಣ ದಾಖಲೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಸಕ್ಕರೆ ಕಾಯಿಲೆ ಅಂತ ಕೋಡ್ ಇರುತ್ತದೆ, 'ಒಬ್ಬರೇ ಸ್ನಾನ ಮಾಡಿಕೊಳ್ಳಲಾರರು' ಅಂತ ಇರುವುದಿಲ್ಲ.

ಫ್ಲೂ ಲಸಿಕೆ ಉಪಯೋಗವಿಲ್ಲ ಅಂತ ಇದರ ಅರ್ಥ ಅಲ್ಲ. ಈ ರೀತಿ ಅಳೆದರೆ ಎಷ್ಟು ಉಪಯೋಗ ಅಂತ ತಿಳಿಯುವುದಿಲ್ಲ, ಅಷ್ಟೆ.

ಪರಿಣಾಮ ಇರಲು ಸಾಧ್ಯವೇ ಇಲ್ಲದ ಕಡೆ ಹುಡುಕಿ ನೋಡುವ ಈ ಉಪಾಯಕ್ಕೆ ನೆಗೆಟಿವ್ ಕಂಟ್ರೋಲ್ ಅಂತ ಹೆಸರು. ಪ್ರಯೋಗಾಲಯದವರಿಗೆ ಇದು ಹಳೇ ಅಭ್ಯಾಸ. ಲೆಕ್ಕ ಹಾಕುವ ನಾವೂ ಮಾಡಬೇಕು ಅಂತ ಮಾರ್ಕ್ ಲಿಪ್‌ಸಿಚ್ ಮತ್ತಿಬ್ಬರು 2010ರಲ್ಲಿ ವಿವರವಾಗಿ ಬರೆದರು. ತಕ್ಕಡಿ ಖಾಲಿ ಇದ್ದಾಗಲೇ ಮುಳ್ಳು ಒಂದು ಕಡೆ ವಾಲಿದ್ದರೆ, ಅದರಲ್ಲಿ ತೂಗಿದ್ದನ್ನು ನಂಬುವುದು ಹೇಗೆ?

ಈಚೆಗೆ ಈ ಎಚ್ಚರ ಎಷ್ಟು ಚೆನ್ನಾಗಿ ಕೆಲಸಕ್ಕೆ ಬಂದಿದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದದ್ದು ವೇಲ್ಸ್‌ನ ಅಧ್ಯಯನ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅಲ್ಲಿ 2013ರ ಸೆಪ್ಟೆಂಬರ್ 1ರಂದು ಸರ್ಪಸುತ್ತಿನ ಲಸಿಕೆ ಕೊಡಲು ಶುರು ಮಾಡಿದಾಗ 80 ತುಂಬಿದವರನ್ನು ಕೈಬಿಟ್ಟಿದ್ದರು. ಆ ನಿಯಮದಂತೆ 1933ರ ಸೆಪ್ಟೆಂಬರ್ 2ಕ್ಕೆ ಮುಂಚೆ ಹುಟ್ಟಿದವರಿಗೆ ಸಿಗುತ್ತಿರಲಿಲ್ಲ. ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಸಿಗುತ್ತಿತ್ತು. ಈ ಗೆರೆಯ ಆಚೆ ಈಚೆ ಒಂದೇ ವಾರದ ಅಂತರದಲ್ಲಿ ಹುಟ್ಟಿದವರಲ್ಲಿ ಲಸಿಕೆ ಪಡೆದವರು ಶೇ 0.01ರಿಂದ ಶೇ 47.2ಕ್ಕೆ ಜಿಗಿದರು. ಒಂದು ವಾರ ಮುಂಚೆ, ಒಂದು ವಾರ ಆಮೇಲೆ ಹುಟ್ಟಿದವರ ಆರೋಗ್ಯದಲ್ಲಿ ಏನು ವ್ಯತ್ಯಾಸ ಇರುತ್ತೆ ಹೇಳಿ? ಗಟ್ಟಿಮುಟ್ಟಾದವರು ಮಾತ್ರ ಒಂದು ಕಡೆ ಸೇರಿಕೊಳ್ಳುವ ಗೋಳೇ ಇಲ್ಲ. ಏಳು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ, ಅಂದರೆ ವಯಸ್ಸಾದವರ ಮರೆವಿನ ಕಾಯಿಲೆ, ಸುಮಾರು ಐದನೇ ಒಂದು ಭಾಗ ಕಡಿಮೆ ಆಗಿತ್ತು. ಅಷ್ಟಕ್ಕೇ ನಿಲ್ಲಿಸದೆ ಬೇರೆ ಕಾಯಿಲೆಗಳನ್ನೂ ಅದೇ ಗೆರೆಯ ಆಚೆ ಈಚೆ ನೋಡಿದರು. ಅವುಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಮೊದಲ ಸಲ ಓದಿದಾಗ ಮುಖ್ಯ ಫಲಿತಾಂಶ ಬಿಟ್ಟು ಆ ಭಾಗವನ್ನೇ ಮೊದಲು ತೆರೆದೆ. ಈಗ ಅದೊಂದು ಚಾಳಿ.

ನನ್ನ ಡೇಟಾದಲ್ಲಿ ಅಂಥ ಅದೃಷ್ಟದ ಗೆರೆ ಇರಲಿಲ್ಲ. ಇದ್ದುದರಲ್ಲೇ ರಿಪೇರಿ ಮಾಡಿದೆ. ಎರಡೂ ಗುಂಪಿನವರ ಲೆಕ್ಕ ಒಂದೇ ದಿನದಿಂದ ಶುರುವಾಗುವಂತೆ ಮಾಡಿದೆ. ಈಚೆಗೆ ಆಸ್ಪತ್ರೆ ಸೇರಿದ್ದವರನ್ನು ತೆಗೆದೆ. ಗಾಲಿಕುರ್ಚಿ, ಮನೆಗೆ ಬಂದು ನೋಡುವ ನರ್ಸ್, ಹೀಗೆ ನಿತ್ರಾಣದ ಸುಳಿವು ಕೊಡುವ ದಾಖಲೆ ಹುಡುಕಿ ಸೇರಿಸಿದೆ. ಇದಕ್ಕೇ ಎರಡು ತಿಂಗಳು ಹೋಯಿತು. ಪರೀಕ್ಷೆಗೆ ಇನ್ನೊಂದನ್ನೂ ಇಟ್ಟೆ: ಬಿದ್ದು ಮೂಳೆ ಮುರಿದುಕೊಂಡವರು. ಫ್ಲೂ ಲಸಿಕೆ ಮೂಳೆ ಕಾಯುವುದಿಲ್ಲವಲ್ಲ.

ಸೀಸನ್‌ಗೆ ಮುಂಚಿನ ಅಂತರ ಕುಗ್ಗಿತು, ಪೂರ್ತಿ ಹೋಗಲಿಲ್ಲ. ಮೂಳೆ ಮುರಿತದಲ್ಲೂ ಅಷ್ಟೇ. ಲಸಿಕೆಯ ಲಾಭ ಅಂತ ಉಳಿದದ್ದು ಮೊದಲ ಗ್ರಾಫಿನ ಮುಂದೆ ತೀರಾ ಚಿಕ್ಕದು, ಅದರಲ್ಲೂ ಎಷ್ಟು ನಿಜ ಅಂತ ಹೇಳುವುದು ಕಷ್ಟ.

ವರದಿ ಬರೆಯುವಾಗ ಸಹೋದ್ಯೋಗಿಯೊಬ್ಬರು, "ಮೂಳೆ ಮುರಿತದ ಸಾಲು ಕೊನೆಗೆ ಅನುಬಂಧದಲ್ಲಿ ಹಾಕಿದ್ರೆ ಆಗಲ್ವಾ? ಓದುವವರಿಗೆ ಗೊಂದಲ" ಅಂದರು. ಆಗಲ್ಲ ಅಂದೆ. ಈಗ ಅದು ಮುಖ್ಯ ಕೋಷ್ಟಕದ ಮೊದಲ ಸಾಲಿನಲ್ಲೇ ಇದೆ, ಸಾವಿನ ಸಾಲಿಗಿಂತ ಮೇಲೆ.