ಮಾಲು ತುಂಬಿದಾಗ ಮಾತ್ರ ಹೋಗುತ್ತಿದ್ದ ಫ್ಯೂಸ್

ನಮ್ಮದು 2008ರ ಪಿಕಪ್. ಕಾರಟಗಿ ಸುತ್ತಲಿನ ಹಳ್ಳಿಗಳಿಂದ ಗಂಗಾವತಿಯ ಮಿಲ್‌ಗಳಿಗೆ ಭತ್ತ ಹೊಡೆಯುವುದೇ ಅದರ ಕೆಲಸ. ಒಂದು ಸುಗ್ಗಿಯಲ್ಲಿ ಅದಕ್ಕೊಂದು ಕಾಟ ಶುರುವಾಯಿತು. ರಾತ್ರಿ ಓಡಿಸುವಾಗ ಇದ್ದಕ್ಕಿದ್ದಂತೆ ಮೀಟರ್ ಬೋರ್ಡ್ ಕತ್ತಲಾಗುತ್ತಿತ್ತು. ಇಳಿದು ನೋಡಿದರೆ ಹಿಂದಿನ ಲೈಟೂ ಇಲ್ಲ. ಹೆಡ್‌ಲೈಟ್ ಮಾತ್ರ ಸರಿಯಾಗಿ ಉರಿಯುತ್ತಿತ್ತು. ಪಾರ್ಕಿಂಗ್ ಲೈಟಿನ 10 ಆಂಪ್ ಕೆಂಪು ಫ್ಯೂಸ್ ಹೋಗಿರುತ್ತಿತ್ತು.

ಸುಗ್ಗಿ ಕಾಲದಲ್ಲಿ ಹಿಂದಿನ ಲೈಟ್ ಇಲ್ಲದೆ ನಮ್ಮ ಕಡೆ ರಸ್ತೆಯಲ್ಲಿ ಹೋಗೋದು ಎಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ಅರ್ಧ ರಸ್ತೆಗೆ ಭತ್ತ ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಎದುರಿಗೆ ಕಟಾವು ಮಷಿನ್ ಬರುತ್ತದೆ. ಗಾಡಿ ಪಕ್ಕಕ್ಕೆ ತಗೊಂಡು ನಿಲ್ಲಲೇಬೇಕು. ಹಿಂದೆ ಬರುವವನಿಗೆ ನಾವು ಕಾಣಬೇಕಲ್ವಾ?

ಒಬ್ಬ ಎಲೆಕ್ಟ್ರಿಷಿಯನ್ ಲೈಟ್ ಸ್ವಿಚ್ ಬದಲಿಸಿದರು. ಇನ್ನೊಬ್ಬರು ಹಿಂದಿನ ಎರಡೂ ಹೋಲ್ಡರ್ ಹೊಸದು ಹಾಕಿದರು. ನಾಲ್ಕು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಜೊತೆಗಾರ ಡ್ರೈವರ್ ಒಬ್ಬ, "20 ಆಂಪಿಂದು ಹಾಕಿ ಬಿಡಲೇ, ತಲಿನೋವ ಬ್ಯಾಡ" ಅಂದ. ದಯವಿಟ್ಟು ಇದೊಂದನ್ನು ಮಾತ್ರ ಯಾರೂ ಮಾಡಬೇಡಿ. ಲೆಕ್ಕ ಹಾಕಿ ನೋಡಿ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಐದೂ 5 ವ್ಯಾಟಿನವು. ಮೀಟರ್ ಬೋರ್ಡಿನ ಸಣ್ಣ ಬಲ್ಬ್ ಸೇರಿಸಿದರೂ ಸುಮಾರು 30 ವ್ಯಾಟ್. 12 ವೋಲ್ಟ್ ಗಾಡಿಯಲ್ಲಿ ಅದು ಎರಡೂವರೆ ಆಂಪ್ ಅಷ್ಟೇ. ಹಾಗಿದ್ದೂ 10 ಆಂಪ್ ಹೋಗುತ್ತಿದೆ ಅಂದರೆ ಎಲ್ಲೋ ವೈರ್ ಗಾಡಿಯ ಕಬ್ಬಿಣದ ಬಾಡಿಗೆ ನೇರ ತಾಗಿ ಶಾರ್ಟ್ ಆಗುತ್ತಿದೆ. ದೊಡ್ಡ ಫ್ಯೂಸ್ ಹಾಕಿದರೆ ಆ ಶಾರ್ಟ್ ನಿಲ್ಲಲ್ಲ. ಫ್ಯೂಸ್ ಬದಲು ವೈರ್ ಸುಡುತ್ತದೆ, ಪಕ್ಕದಲ್ಲೇ ಡೀಸೆಲ್ ಟ್ಯಾಂಕ್ ಇರುತ್ತದೆ. ಹೋದ ಫ್ಯೂಸುಗಳ ಒಳಗೂ ಕಪ್ಪು ಮಸಿ ಸಿಡಿದಿತ್ತು. ಅದೂ ಶಾರ್ಟಿನದೇ ಗುರುತು.

ಎಲ್ಲಿ ಶಾರ್ಟ್ ಎಂಬುದೇ ಪ್ರಶ್ನೆ. ಅದಕ್ಕೆ ನಾನು ಬಳಸಿದ್ದು ಇಂಡಿಕೇಟರಿನ 21 ವ್ಯಾಟ್ ಬಲ್ಬ್. ಅದರ ಹೋಲ್ಡರಿಗೆ ಎರಡು ವೈರ್ ಕಟ್ಟಿ, ಫ್ಯೂಸ್ ತೆಗೆದ ಜಾಗದ ಎರಡೂ ಕಡೆ ಸಿಕ್ಕಿಸಿದೆ. ಐದೂ ಪಾರ್ಕಿಂಗ್ ಬಲ್ಬ್ ಮೊದಲೇ ಬಿಚ್ಚಿಟ್ಟೆ. ಬಿಚ್ಚದಿದ್ದರೆ ಅವುಗಳ ಕರೆಂಟಿಗೇ ಟೆಸ್ಟ್ ಬಲ್ಬ್ ಉರಿದು ದಾರಿ ತಪ್ಪಿಸುತ್ತದೆ. ಈಗ ಸ್ವಿಚ್ ಹಾಕಿದರೆ ಮೀಟರ್ ಬೋರ್ಡ್ ಮಾತ್ರ ಬೆಳಗಬೇಕು. ವೈರ್ ಬಾಡಿಗೆ ತಾಗಿದ ಕ್ಷಣ ಟೆಸ್ಟ್ ಬಲ್ಬ್ ಝಗ್ ಅಂತ ಹತ್ತುತ್ತದೆ, ಮೀಟರ್ ಬೋರ್ಡ್ ಆರುತ್ತದೆ. ಎಷ್ಟೇ ಹೊತ್ತು ಶಾರ್ಟ್ ಆದರೂ ಎರಡು ಆಂಪ್ ಒಳಗೇ ಕರೆಂಟ್ ಹರಿಯುತ್ತದೆ. ವೈರ್ ಬಿಸಿಯಾಗಲ್ಲ, ಫ್ಯೂಸ್ ದಂಡವಾಗಲ್ಲ, ಆರಾಮಾಗಿ ಹುಡುಕಬಹುದು.

ಅಂಗಳದಲ್ಲಿ ಗಾಡಿ ನಿಲ್ಲಿಸಿ ಒಂದು ಮಧ್ಯಾಹ್ನ ಪೂರ್ತಿ ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಎಳೆದಾಡಿದೆ. ಡ್ಯಾಶ್‌ಬೋರ್ಡ್ ಕೆಳಗೆ, ಕ್ಯಾಬಿನ್ ಹಿಂದೆ, ಚಾಸಿ ಉದ್ದಕ್ಕೂ. ಬಲ್ಬ್ ಒಂದು ಸಲವೂ ಹತ್ತಲಿಲ್ಲ.

ದಾರಿ ತೋರಿಸಿದ್ದು ಮಿಲ್ಲಿನ ಹಮಾಲರೊಬ್ಬರು. ನನ್ನ ಗೋಳು ಕೇಳಿ, "ಖಾಲಿ ಬರುವಾಗ ಎಂದಾದ್ರೂ ಹೋಗೇತೇನ್ರಿ ಅದು?" ಅಂದರು. ನನಗೆ ನೆನಪಿರಲಿಲ್ಲ. ಆದರೆ ಬಾಡಿಗೆ ಪುಸ್ತಕದಲ್ಲಿ ಫ್ಯೂಸಿನ ಖರ್ಚು ಬರೆಯುವ ರೂಢಿ ಇತ್ತು. ಮನೆಗೆ ಬಂದು ತೆಗೆದು ನೋಡಿದೆ. ಆರು ಸಲ ಹೋಗಿತ್ತು. ಆರೂ ಸಲ ಪಕ್ಕದಲ್ಲಿ ಚೀಲದ ಲೆಕ್ಕ ಇತ್ತು. ಖಾಲಿ ಬರುವಾಗ ಒಂದು ಸಲವೂ ಇಲ್ಲ. ನಾನು, ಮೆಕ್ಯಾನಿಕ್‌ಗಳು, ಎಲ್ಲರೂ ಖಾಲಿ ಗಾಡಿಯನ್ನೇ ನೋಡುತ್ತಿದ್ದೆವು.

ಮರುದಿನ ಲೋಡ್ ಹಾಕಿಸಿದೆ. 75 ಕೆ.ಜಿ.ಯ 15 ಚೀಲ, ಅಂದರೆ 1,125 ಕೆ.ಜಿ. ಕಮಾನು ಪಟ್ಟಿಗಳು ಹೆಚ್ಚುಕಡಿಮೆ ನೇರವಾದವು. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಜಾಕ್ ಮುಟ್ಟಲಿಲ್ಲ, ತುಂಬಿದ ಗಾಡಿಯನ್ನು ಜಾಕ್ ಮೇಲೆ ನಂಬಬಾರದು. ಅಣ್ಣನ ಮಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಇನ್ನಿಬ್ಬರಿಗೆ ಹಿಂದಿನ ತುದಿಯಲ್ಲಿ ಹತ್ತಿ ನಿಂತು ಗಾಡಿ ಕುಣಿಯುವಂತೆ ಜಗ್ಗಲು ಹೇಳಿದೆ. ಮೂರನೇ ಸಲಕ್ಕೆ ಹುಡುಗ ಕೂಗಿದ: "ಕಾಕಾ, ಹತ್ತಿತು!"

ಕ್ಯಾಬಿನ್ ಹಿಂದೆ ಹಾರ್ನೆಸ್ ಜೋಡಿಸುವ ಕಪ್ಲರ್ ಬಿಚ್ಚಿಸಿದೆ. ಎಷ್ಟು ಜಗ್ಗಿದರೂ ಬಲ್ಬ್ ಹತ್ತಲಿಲ್ಲ. ಅಂದರೆ ತೊಂದರೆ ಅಲ್ಲಿಂದ ಹಿಂದಕ್ಕೇ ಇದೆ. ಕಪ್ಲರ್ ಮತ್ತೆ ಹಾಕಿಸಿ, ಜಗ್ಗುವುದು ನಿಲ್ಲಿಸಿ, ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿದೆ. ಎಡಗಡೆ ಹಿಂದಿನ ಚಕ್ರದ ಒಳಗೆ ಹಾರ್ನೆಸ್ ಹಿಡಿಯುವ ಕ್ಲಿಪ್ ಮುರಿದಿತ್ತು. ಹಾರ್ನೆಸ್ ಚಾಸಿಯಿಂದ ಒಂದು ಗೇಣು ಜೋತುಬಿದ್ದಿತ್ತು. ಖಾಲಿ ಇದ್ದಾಗ ಅದಕ್ಕೂ ಕಮಾನು ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟಿಗೂ ಅಂತರ ಇರುತ್ತದೆ. ಲೋಡ್ ಬಿದ್ದರೆ ಚಾಸಿ ಕೆಳಗಿಳಿಯುತ್ತದೆ. ಗುಂಡಿಗೆ ಬಿದ್ದಾಗ ಇನ್ನೂ ಕೆಳಗೆ, ಆಗ ವೈರ್ ಬೋಲ್ಟಿಗೆ ಉಜ್ಜುತ್ತದೆ. ಕಾಲುವೆ ಏರಿಯ ಕೆಸರು ಒಣಗಿ ಅದರ ಮೇಲೆ ಗಟ್ಟಿ ಪದರ ಕಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೇ ಕಂಡಿತು: ಟೇಪ್ ಹರಿದು, ಒಂದು ವೈರಿನ ಮೈ ಅಕ್ಕಿಕಾಳಿನಷ್ಟು ಜಾಗದಲ್ಲಿ ಬಯಲಾಗಿ, ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ದಿನಾ ಉಜ್ಜುವುದರಿಂದ ಅಲ್ಲಿ ಮಾತ್ರ ಹೊಳಪು, ಅಕ್ಕಪಕ್ಕ ಹಸಿರು ಕಿಲುಬು.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚೀಲ ಇಳಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಕಿಲುಬು ಹಿಡಿದಷ್ಟನ್ನೂ ಕತ್ತರಿಸಿ, ಶುದ್ಧ ತಾಮ್ರ ಸಿಕ್ಕ ಮೇಲೆ ಅದೇ ದಪ್ಪದ ತುಂಡು ವೈರ್ ಸೇರಿಸಿ ಬೆಸುಗೆ ಹಾಕಿದೆ. ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್. ಬರೀ ಟೇಪ್ ಸುತ್ತಿದರೆ ನಮ್ಮ ಬಿಸಿಲಿಗೆ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಇಡೀ ಹಾರ್ನೆಸ್ಸಿಗೆ ಫ್ಲೆಕ್ಸಿಬಲ್ ಪೈಪ್ ಹಾಕಿ, ಒಳಗೆ ರಬ್ಬರ್ ಇರುವ ಕ್ಲಿಪ್‌ನಿಂದ ಚಾಸಿಗೆ ಬಿಗಿದೆ. ಬೆಸುಗೆಯ ಎರಡೂ ಬದಿಗೆ ಒಂದೊಂದು ಕ್ಲಿಪ್ ಕೊಟ್ಟೆ, ಅಲುಗಾಡಿದರೆ ವೈರ್ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ.

ಮತ್ತೆ ಅದೇ 15 ಚೀಲ ಹೇರಿಸಿದೆ. ಹಮಾಲಿ ಎರಡು ಸಲ ಕೊಟ್ಟೆ, ಅದಕ್ಕೆ ಬೇಜಾರಿಲ್ಲ. ಇಬ್ಬರೂ ಹತ್ತಿ ಜಗ್ಗಿದರು, ಬಲ್ಬ್ ಹತ್ತಲಿಲ್ಲ. ಬಲ್ಬುಗಳನ್ನು ವಾಪಸ್ ಹಾಕಿ, 10 ಆಂಪ್ ಕೆಂಪು ಫ್ಯೂಸ್ ಒತ್ತಿ, ಅದೇ ರಾತ್ರಿ ಗಂಗಾವತಿಗೆ ಹೊರಟೆ. ಅದಾಗಿ ಎರಡು ಸುಗ್ಗಿ ಕಳೆದಿವೆ. ಆ ಫ್ಯೂಸ್ ಇನ್ನೂ ಅಲ್ಲೇ ಇದೆ.