ಗೊಂಬೆ ಹಬ್ಬಕ್ಕೆ ಪುಟಾಣಿ ಕುಂಬಳ

ನಮ್ಮ ಮೈಸೂರಿನ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವಾಗ ಶೆಟ್ಟಿ ದಂಪತಿಯ ಮುಂದೆ ಅಂಗಡಿ ಜೋಡಿಸುತ್ತೇವೆ ಅಲ್ವಾ? ಆ ಅಂಗಡಿಗೆ ನಾನೇ ಬೆಳೆದ ಅಂಗೈಯಷ್ಟು ಕುಂಬಳಕಾಯಿ ಇಡಬೇಕು ಅಂತ ನನಗೆ ಬಹಳ ಆಸೆ. 'ಜ್ಯಾಕ್ ಬಿ ಲಿಟಲ್' ಅನ್ನುವ ತಳಿ ಆರಿಸಿಕೊಂಡೆ. ಕಾಯಿ ಸುಮಾರು 3 ಇಂಚು ಅಗಲ, ಕಿತ್ತಳೆ ಬಣ್ಣ. ಬಿತ್ತಿ 95 ದಿನಕ್ಕೆ ಬಲಿಯುತ್ತದೆ. ನವರಾತ್ರಿಯಿಂದ ಹಿಂದಕ್ಕೆ ಎಣಿಸಿ ಜೂನ್ ಮೂರನೇ ವಾರ ಬಿತ್ತಿದೆ.

18 ಇಂಚಿನ ಗ್ರೋ ಬ್ಯಾಗಿಗೆ ಎರಡೇ ಬೀಜ. ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಆರನೇ ದಿನ ಮೊಳಕೆ ಬಂತು. ತಾರಸಿಯ ಕಂಬಿಗೆ ನೈಲಾನ್ ಬಲೆ ಕಟ್ಟಿ ಬಳ್ಳಿ ಹಬ್ಬಿಸಿದೆ. ಕಾಯಿ ಹಗುರ, ದೊಡ್ಡ ಕುಂಬಳದ ಹಾಗೆ ಜೋಲಿ ಕಟ್ಟುವ ಕೆಲಸವಿಲ್ಲ.

ಕಷ್ಟ ಶುರುವಾಗಿದ್ದು ಹೂವಿನ ಹೊತ್ತಿಗೆ. ಮೊದಲು ಬರೀ ಗಂಡು ಹೂವು ಬಂದವು. ಅದು ಮಾಮೂಲು, ಹೆದರಬೇಡಿ. ಹತ್ತು ದಿನದ ಮೇಲೆ ಬುಡದಲ್ಲಿ ಪುಟ್ಟ ಹೀಚು ಹೊತ್ತ ಹೆಣ್ಣು ಹೂವು ಕಂಡವು. ಆ ಸಂಭ್ರಮ ಹೇಗೆ ಹೇಳಲಿ! ಆದರೆ ಒಂದೊಂದೇ ಹಳದಿಯಾಗಿ ಉದುರಿದವು. ಮಳೆ ದಿನ, ಮೂರನೇ ಮಹಡಿ, ಜೇನು ಬರುತ್ತಿರಲಿಲ್ಲ.

ಇನ್ನು ನಾನೇ ಜೇನಾಗಬೇಕು ಅಂತ ಬೆಳಿಗ್ಗೆ ಆರಕ್ಕೆ ಎದ್ದು ಹೋದೆ. ಅವತ್ತು ನನ್ನ ಬಳ್ಳಿಯಲ್ಲಿ ಗಂಡು ಹೂವೇ ಅರಳಿರಲಿಲ್ಲ. ಪಕ್ಕದ ಮನೆಯ ಸಿಹಿಗುಂಬಳದ ಹೂವು ಕೇಳಿ ತಂದು ಸವರಿದೆ. ನಾಲ್ಕೇ ದಿನಕ್ಕೆ ಆ ಹೀಚೂ ಉದುರಿತು. ಕಾರಣ ಆಮೇಲೆ ತಿಳಿಯಿತು. ನಮ್ಮ ಊರಿನ ಸಿಹಿಗುಂಬಳ ಸಾಮಾನ್ಯವಾಗಿ ಮಾಸ್ಕೇಟಾ ಜಾತಿ, ಈ ಪುಟಾಣಿ ಪೆಪೋ ಜಾತಿ. ಇವೆರಡು ಸುಲಭಕ್ಕೆ ಕೂಡುವುದಿಲ್ಲ. ಅದಕ್ಕೇ ಒಂದೇ ಬಳ್ಳಿ ಸಾಲದು, ಎರಡು ಮೂರಾದರೂ ಇರಲಿ. ಗಂಡು ಹೂವಿನ ಕೊರತೆ ಆಗುವುದಿಲ್ಲ.

ಮುಂದಿನ ವಾರ ಸರಿಯಾಗಿ ಮಾಡಿದೆ. ಆಗ ತಾನೇ ಅರಳಿದ ಗಂಡು ಹೂವಿನ ದಳ ಕಿತ್ತು, ಒಳಗಿನ ಪುಡಿ ಹತ್ತಿದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಒಂಬತ್ತು ಗಂಟೆಯೊಳಗೆ ಮುಗಿಸಿ, ಬಿಸಿಲೇರಿದರೆ ಹೂವು ಮುದುಡುತ್ತದೆ. ಮಳೆ ಬರುವ ಸೂಚನೆ ಇದ್ದರೆ ನಾನು ಹಿಂದಿನ ಸಂಜೆಯೇ ಮೊಗ್ಗುಗಳಿಗೆ ಕಾಗದದ ಕವರ್ ಹಾಕಿಡುತ್ತಿದ್ದೆ. ಪುಡಿ ನೆನೆದರೆ ಕೆಲಸಕ್ಕೆ ಬರುವುದಿಲ್ಲ. ಕಾಯಿ ಕಚ್ಚಿದ ಮೇಲೆ ಹಣ್ಣುನೊಣ ಚುಚ್ಚದಂತೆ ತೆಳುಬಟ್ಟೆಯ ಚೀಲ ಕಟ್ಟಿದೆ. ಎಲೆಗೆ ಬೂದಿ ರೋಗ ಬಂದಾಗ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದೆ. ಪೂರ್ತಿ ಹೋಗಲಿಲ್ಲ, ಹರಡುವುದು ಕಡಿಮೆಯಾಯಿತು.

ಎರಡು ಬಳ್ಳಿಗೆ ಹನ್ನೊಂದು ಕಾಯಿ. ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿಯಾದಾಗ, ಎರಡಿಂಚು ತೊಟ್ಟು ಉಳಿಸಿ ಕತ್ತರಿಯಿಂದ ಕೊಯ್ದೆ. ತೊಟ್ಟು ಮುರಿದ ಕಾಯಿ ಬೇಗ ಕೊಳೆಯುತ್ತದೆ. ವಾರ ಗಾಳಿಯಾಡುವ ನೆರಳಲ್ಲಿ ಒಣಗಿಸಿದೆ.

ಐದು ಕಾಯಿ ಶೆಟ್ಟರ ಅಂಗಡಿಗೆ ಹೋದವು. ಮೂರನ್ನು ಇಡಿಯಾಗಿ ಬೇಯಿಸಿ, ಮುಚ್ಚಳದ ಹಾಗೆ ಮೇಲ್ಭಾಗ ಕೊಯ್ದು, ಒಳಗೆ ಕಾಯಿತುರಿ ಒಗ್ಗರಣೆ ತುಂಬಿ ಬಡಿಸಿದೆ. ಉಳಿದ ಮೂರು ಸಂಕ್ರಾಂತಿ ಕಳೆದರೂ ಷೋಕೇಸಿನಲ್ಲಿ ಹಾಗೇ ಹೊಳೆಯುತ್ತಿವೆ.